ಇಲ್ಲಿ ಚುಚ್ಚಬೇಡಿ

ಆರಿನ್ ರಸ್ಟಾಡ್‌ನ ಮಣ್ಣಿನ ದಿನ ಬೆಳಿಗ್ಗೆ ಒಂಬತ್ತೂವರೆಗೆ ನಾನು ಚರ್ಚಿನ ಒಳಗೆ ಕಾಲಿಟ್ಟಾಗ ಮುಂದಿನ ದೊಡ್ಡ ಟಿ.ವಿ. ಪರದೆ ಕಪ್ಪಗಿತ್ತು. ‘ನೋ ಸಿಗ್ನಲ್’ ಎಂಬ ಎರಡು ಪದ ಮಾತ್ರ ಆ ಮೂಲೆಯಿಂದ ಈ ಮೂಲೆಗೆ ಆರಾಮಾಗಿ ತೇಲಾಡುತ್ತಿದ್ದವು. ಪ್ರಾರ್ಥನೆ ಹನ್ನೊಂದಕ್ಕೆ. ಆ ಪರದೆಯ ಎದುರಿನ ಮೊದಲ ಬೆಂಚಿನಲ್ಲಿ ಆರಿನ್‌ನ ಹೆಂಡತಿ ಇಡೆಲ್ಲಾ ಕೂರಬೇಕು. ಅವಳಿಗೆ ಕಿವಿ ಕೇಳುವುದಿಲ್ಲ.

ಹುಟ್ಟಿನಿಂದ ಬಂದದ್ದಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಮೆದುಳು ಜ್ವರ ಬಂದು, ಜ್ವರ ಬಿಟ್ಟಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಆ ವಯಸ್ಸಿನಲ್ಲಿ ಕೈಸನ್ನೆಯ ಭಾಷೆ ಕಲಿಯಲು ಅವಳಿಗೆ ಮನಸ್ಸಾಗಲಿಲ್ಲ. ಕಲಿತಿದ್ದರೂ ಮಿನೆಸೋಟದ ಈ ಮೂಲೆಯಲ್ಲಿ ಅವಳ ಜೊತೆ ಸನ್ನೆ ಮಾಡುವವರು ಯಾರಿದ್ದರು? ಇಪ್ಪತ್ತೆರಡು ವರ್ಷ ಆರಿನ್ ಜೇಬಿನಲ್ಲೊಂದು ಚೀಟಿಪುಸ್ತಕ ಇಟ್ಟುಕೊಂಡು, ಯಾರು ಏನು ಹೇಳಿದರೆಂದು ಬರೆದು ತೋರಿಸುತ್ತಿದ್ದ. ಈಗ ಅವನೇ ಪೆಟ್ಟಿಗೆಯಲ್ಲಿ ಮಲಗಿದ್ದ.

ಅವನು ಸತ್ತ ಮಾರನೆಯ ದಿನ ಇಡೆಲ್ಲಾ ನನ್ನ ಅಡುಗೆಮನೆಗೆ ಬಂದು, ಕೋಟನ್ನೂ ಬಿಚ್ಚದೆ, ತನ್ನ ಎಂದಿನ ಗಟ್ಟಿ ದನಿಯಲ್ಲಿ ಹೇಳಿದಳು: “ಆರ್ಡಿಸ್, ಅವತ್ತು ಒಂದು ಮಾತೂ ಬಿಡಬೇಡ ಕಣೇ. ಆರಿನ್ ಎಲ್ಲಾನೂ ಚಿಕ್ಕದು ಮಾಡಿ ಬರೀತಿದ್ದ. ಜನ ಹತ್ತು ನಿಮಿಷ ಮಾತಾಡಿದ್ರೆ ‘ಚೆನ್ನಾಗಿದ್ದಾರಂತೆ’ ಅಂತ ಒಂದೇ ಸಾಲು. ಅವನ ಬಗ್ಗೆ ಜನ ಏನಂತಾರೋ ಅದು ನನಗೆ ಪೂರ್ತಿ ಬೇಕು.”

ಕೊಡುತ್ತೇನೆ ಎಂದು ನಾನು ತಲೆಯಾಡಿಸಿದ್ದೆ. ಅದು ನನ್ನ ಕಸುಬು. ಮೂವತ್ತೊಂದು ವರ್ಷ ಜಿಲ್ಲಾ ಕೋರ್ಟಿನಲ್ಲಿ ಸ್ಟೆನೋ ಯಂತ್ರದ ಮುಂದೆ ಕೂತು ಕಳ್ಳರು, ವಕೀಲರು, ಗಂಡನನ್ನು ಬಿಡಬೇಕೆಂದು ಬಂದ ಹೆಂಗಸರು ಆಡಿದ್ದನ್ನೆಲ್ಲ ಆಡಿದ ಹಾಗೇ ಬರೆದವಳು ನಾನು. ನಿವೃತ್ತಿಯಾದ ಮೇಲೆ ಪ್ರತಿ ಭಾನುವಾರ ಆ ಯಂತ್ರವನ್ನು ಚರ್ಚಿನ ಕಂಪ್ಯೂಟರಿಗೆ ಸಿಕ್ಕಿಸಿಕೊಂಡು ಕೂರುತ್ತೇನೆ. ಪಾಸ್ಟರ್ ಆಡಿದ್ದು ಮರುಕ್ಷಣ ಪರದೆಯ ಮೇಲೆ ಗೇಣುದ್ದ ಅಕ್ಷರಗಳಲ್ಲಿ ಬರುತ್ತದೆ. ಅದಕ್ಕೆ ಬೇಕಾದ ತಂತ್ರಾಂಶ ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ಬೇರೆಯದಕ್ಕೆ ಹಾಕಬೇಕಾದರೆ ಕಂಪನಿಯವರಿಗೆ ಬರೆದು ವಾರಗಟ್ಟಲೆ ಕಾಯಬೇಕು.

ಆ ಕಂಪ್ಯೂಟರಿನ ಮುಂದೆ ಕ್ರೇಗ್ ಮಂಡಿಯೂರಿ ಕೂತಿದ್ದ. ನಲವತ್ತರ ಆಸುಪಾಸಿನವನು, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ನವೆಂಬರಿನಿಂದ ಚರ್ಚಿನ ಮೈಕು, ದೀಪ, ಕಂಪ್ಯೂಟರು ಎಲ್ಲ ಅವನ ಕೈಯಲ್ಲಿವೆ. ಅವನ ಕಿವಿಗಳು ಕೆಂಪಗಾಗಿದ್ದವು.

“ಏನಪ್ಪಾ ಮಾಡಿದೆ ಇದಕ್ಕೆ?” ಎಂದೆ.

“ನಾನೇನೂ ಮಾಡಿಲ್ಲ ಆರ್ಡಿಸ್. ನಿನ್ನೆ ಸಾಯಂಕಾಲ ಒಂದು ಅಪ್‌ಡೇಟ್ ಬಂದಿತ್ತು, ಫರ್ಮ್‌ವೇರ್‌ದು. ಹಾಕ್ಕೊಂಡ್ರೆ ಒಳ್ಳೇದು ಅಂತ ಬರೆದಿತ್ತು.”

“ಒಳ್ಳೇದು ಅಂತ ಬರೆದಿದ್ರೆ ಇಲಿ ಪಾಷಾಣಾನೂ ತಿಂತೀಯಾ?”

“ಇವತ್ತು ನಡುವೆ ಎಲ್ಲೂ ಕೈ ಕೊಡಬಾರದು ಅಂತಾನೇ ಹಾಕಿದ್ದು,” ಎಂದ, ಅಳುವ ದನಿಯಲ್ಲಿ.

ನನ್ನ ಮೈಯೆಲ್ಲ ಉರಿದುಹೋಯಿತು. ಐದು ವರ್ಷದಿಂದ ಒಂದು ಭಾನುವಾರವೂ ತಪ್ಪದೆ ನಡೆಯುತ್ತಿದ್ದ ಯಂತ್ರ! ಅದನ್ನು ಮುಟ್ಟು ಎಂದು ಯಾರು ಹೇಳಿದ್ದರು? ಅದೂ ಮಣ್ಣಿನ ಹಿಂದಿನ ದಿನ! ಆದರೆ ನಾವು ಇಲ್ಲಿಯ ಜನ ಚರ್ಚಿನಲ್ಲಿ ದನಿ ಎತ್ತುವುದಿಲ್ಲ. ಚರ್ಚಿನಲ್ಲೇನು, ಎಲ್ಲೂ ಎತ್ತುವುದಿಲ್ಲ. ಮನೆಯ ಚಾವಣಿ ಹಾರಿಹೋದರೂ ‘ತೀರಾ ಕೆಟ್ಟದಾಗೇನೂ ಆಗಿಲ್ಲ’ ಎನ್ನುವ ಪೈಕಿ. ಹಲ್ಲು ಕಚ್ಚಿಕೊಂಡು ನಾನೂ ನೆಲಕ್ಕೆ ಕೂತೆ.

ಸಿಪಿಯು ಪೆಟ್ಟಿಗೆಯಲ್ಲಿ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ನನ್ನ ಸ್ಟೆನೋ ಯಂತ್ರ ಸಿಕ್ಕಿಸಿದರೆ ಅದರ ಹಸಿರು ದೀಪವೂ ಬಂತು. ಅಂದರೆ ಕಂಪ್ಯೂಟರು ಬದುಕಿತ್ತು, ಚಿತ್ರ ಮಾತ್ರ ಪರದೆಯವರೆಗೆ ಬರುತ್ತಿರಲಿಲ್ಲ. ಕೇಬಲ್ ಕಿತ್ತು, ಊದಿ, ಮತ್ತೆ ಹಾಕಿದೆವು. ಕೆಳಗಿನ ಊಟದ ಕೋಣೆಯ ಟಿ.ವಿ.ಯಿಂದ ಬೇರೆ ಕೇಬಲ್ ತಂದು ಹಾಕಿದೆವು. ಪರದೆಯ ಹಿಂದಿನ ಗುಂಡಿ ಒತ್ತಿ ಒಂದೊಂದೇ ದಾರಿ ಬದಲಿಸಿ ನೋಡಿದೆವು. ಪಾಸ್ಟರ್ ಜೋಯೆಲ್ ಆಫೀಸಿನಿಂದ ತಮ್ಮ ಪರದೆಯನ್ನೇ ಎತ್ತಿಕೊಂಡು ಬಂದರು, ಅದೂ ಕಪ್ಪು. ಪೆಟ್ಟಿಗೆಯನ್ನು ಆರಿಸಿ, ಪ್ಲಗ್ ಕಿತ್ತು, ನೂರು ಎಣಿಸಿ ಮತ್ತೆ ಹಾಕಿದೆವು. ‘ನೋ ಸಿಗ್ನಲ್’ ಹಾಯಾಗಿ ತೇಲುತ್ತಲೇ ಇತ್ತು.

ಹತ್ತು ಗಂಟೆಗೆ ವರ್ಲಿನ್ ಬಂದ. ಆರಿನ್‌ನ ತಮ್ಮ, ನನ್ನ ಜೊತೆ ಒಂದೇ ಶಾಲೆಯಲ್ಲಿ ಓದಿದವನು. ಹತ್ತೊಂಬತ್ತು ವರ್ಷ ಈ ಚರ್ಚಿನ ಮೈಕು, ವೈರು ಎಲ್ಲ ನೋಡಿಕೊಂಡವನು ಅವನೇ. ಈ ಕಂಪ್ಯೂಟರನ್ನು ಅತ್ತಿಗೆಗೋಸ್ಕರ ಜೋಡಿಸಿಕೊಟ್ಟವನೂ ಅವನೇ. ನವೆಂಬರಿನಲ್ಲಿ ಸಮಿತಿಯವರು ಹೊಸಬರು ಬರಲಿ ಎಂದು ತೀರ್ಮಾನಿಸಿ, ಅವನಿಗೊಂದು ಧನ್ಯವಾದದ ಕಾರ್ಡು ಕೊಟ್ಟು, ಒಂದು ಕೇಕು ಕತ್ತರಿಸಿ ಕಳಿಸಿಬಿಟ್ಟರು. ಮುಖಕ್ಕೆ ಮುಖ ಕೊಟ್ಟು ಯಾರೂ ಒಂದು ಮಾತು ಹೇಳಲಿಲ್ಲ. ಆ ಸಮಿತಿಯಲ್ಲಿ ಆರಿನ್ ಕೂಡ ಇದ್ದ.

ಕರಿ ಸೂಟು ಹಾಕಿಕೊಂಡು, ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತು, “ಬೇಕಾದ್ರೆ ನಾನೊಂದ್ಸಲ ನೋಡ್ತೀನಿ,” ಎಂದ.

“ಛೆ ಛೆ, ಬೇಡ ಮಾರಾಯ! ಇವತ್ತು ನೀನು ಸತ್ತವನ ಮನೆಯವನು. ಹೋಗಿ ಕೂತ್ಕೋ,” ಎಂದೆ.

ಕಾಲು ಗಂಟೆ ಬಿಟ್ಟು ಮತ್ತೆ ಬಂದ. “ಕೇಬಲ್ ಎಲ್ಲಿಗೆ ಹಾಕಿದೀರಿ ಅಂತ ನೋಡ್ಲಾ?”

“ಬೇಡ ಬೇಡ. ಆ ಸೂಟಲ್ಲಿ ನೆಲದ ಮೇಲೆ ಯಾಕೆ ಒದ್ದಾಡ್ತೀಯಾ. ಇನ್ನೇನು ಬಂದೇಬಿಡುತ್ತೆ.”

ಅವನು ತಲೆಯಾಡಿಸಿ ಹೋಗಿ ಬೆಂಚಿನಲ್ಲಿ ಕೂತ. ನಾನು ಕಾದೆ. ನಮ್ಮ ಕಡೆ ಕಾಫಿಯೇ ಆಗಲಿ, ಕೇಕಿನ ಕೊನೆಯ ತುಂಡೇ ಆಗಲಿ, ಬಾಗಿಲ ಮುಂದೆ ಬಿದ್ದ ಹಿಮ ಎತ್ತಿಕೊಡಲು ಬಂದ ಪಕ್ಕದ ಮನೆಯವನೇ ಆಗಲಿ, ಮೊದಲೆರಡು ಸಲ ಬೇಡ ಎನ್ನಬೇಕು, ಮೂರನೆಯ ಸಲಕ್ಕೆ ಹೂಂ ಎನ್ನಬೇಕು. ಮೊದಲ ಸಲವೇ ಹೂಂ ಎಂದವಳನ್ನು ಊರೆಲ್ಲ ಆಡಿಕೊಳ್ಳುತ್ತದೆ. ಮೂರನೆಯ ಸಲ ಕೇಳಿದ ತಕ್ಷಣ ಹೂಂ ಎನ್ನಬೇಕೆಂದು ನಾನು ಬಾಯಿ ತೆರೆದುಕೊಂಡೇ ಇದ್ದೆ. ಅವನು ಕೇಳಲಿಲ್ಲ. ಗೋಡೆಯ ಮೇಲೆ ಬರೆದ ಗೀತೆಗಳ ನಂಬರುಗಳನ್ನು ಈ ಜನ್ಮದಲ್ಲಿ ನೋಡೇ ಇಲ್ಲ ಎನ್ನುವ ಹಾಗೆ ನೋಡುತ್ತ ಕೂತ.

ಅಷ್ಟರಲ್ಲಿ ಕ್ರೇಗ್ ಕಂಪ್ಯೂಟರ್ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದ. ಹದಿನೈದು ನಿಮಿಷ ಫೋನು ಪೀಪಿ ಊದಿದ ಮೇಲೆ ಒಬ್ಬಳು ಸಿಕ್ಕಳು. ನಾನು ಫೋನ್ ಕಿತ್ತುಕೊಂಡು ಎಲ್ಲ ಹೇಳಿದೆ.

“ತೊಂದರೆಗೆ ಕ್ಷಮಿಸಿ ಮೇಡಂ. ಈಗ ನಿಮ್ಮ ಸ್ಕ್ರೀನ್ ಮೇಲೆ ಏನು ಕಾಣ್ತಿದೆ?”

“ಏನೂ ಕಾಣ್ತಿಲ್ಲ ಅಂತ ತಾನೇ ಫೋನ್ ಮಾಡಿರೋದು!”

“ಅರ್ಥ ಆಯ್ತು ಮೇಡಂ. ಸ್ಕ್ರೀನ್‌ನ ಎಡಗಡೆ ಕೆಳಗಿರೋ ಬಟನ್ ಕ್ಲಿಕ್ ಮಾಡಿ, ಸೆಟ್ಟಿಂಗ್ಸ್‌ಗೆ ಹೋಗಿ.”

ಫೋನನ್ನು ಕ್ರೇಗ್‌ನ ಕೈಗೆ ವಾಪಸು ಕೊಟ್ಟೆ. ಇನ್ನೊಂದು ಕ್ಷಣ ನನ್ನ ಕೈಯಲ್ಲಿದ್ದಿದ್ದರೆ ಅದು ಕಿಟಕಿಯಿಂದ ಆಚೆ ಹೋಗುತ್ತಿತ್ತು.

ಹತ್ತೂ ಮೂವತ್ತೈದಕ್ಕೆ ಇಡೆಲ್ಲಾ ಬಂದಳು. ಬೂಟಿನ ಮಂಜು ಒದರಿಕೊಂಡು, ಮೊದಲ ಬೆಂಚಿನಲ್ಲಿ ಕೂತು, ಕನ್ನಡಕ ಒರೆಸಿ ಹಾಕಿಕೊಂಡು, ಕಪ್ಪು ಪರದೆಯನ್ನು ನೋಡಿದಳು. “ಏನಾದ್ರೂ ಕೆಟ್ಟಿದ್ಯಾ?” ಎಂದು ಚರ್ಚಿಗೆಲ್ಲ ಕೇಳುವ ಹಾಗೆ ಕೇಳಿದಳು.

ಪಾಸ್ಟರ್ ಜೋಯೆಲ್ ಹಲ್ಲು ಬಿಟ್ಟು ಹೆಬ್ಬೆರಳು ಎತ್ತಿ ತೋರಿಸಿದರು. ಕ್ರೇಗ್ ಕೂಡ ಹೆಬ್ಬೆರಳು ಎತ್ತಿದ. ಹಿಂದೆ ಬಂದು ಕೂತಿದ್ದ ಮೂವತ್ತು ಜನ ನಸುನಕ್ಕು ತಲೆಯಾಡಿಸಿದರು. ಇಪ್ಪತ್ತೆರಡು ವರ್ಷದಿಂದ ಊರು ಅವಳಿಗೆ ಹೇಳಿದ್ದು ಇದನ್ನೇ: ಹಲ್ಲು ಮತ್ತು ಹೆಬ್ಬೆರಳು. ಥೂ, ನಾನೂ ನಕ್ಕೆ.

ಅವಳಿಗೆ ಬೆನ್ನು ಮಾಡಿ ನಾವು ಪಿಸುಗುಟ್ಟಲು ಶುರುಮಾಡಿದೆವು. ನಾನು ಸ್ಟೆನೋ ಯಂತ್ರದ ಮುಂದೆ ಕುರ್ಚಿಯಲ್ಲಿ ಕೂತಿದ್ದೆ. ಸಿಟ್ಟು ಬಂದಾಗ ಕೆಲವರ ಕೈ ನಡುಗುತ್ತದೆ. ನನ್ನ ಕೈ ಕೀಲಿಗಳ ಮೇಲೆ ಹೋಗಿ ಕೂರುತ್ತದೆ, ಕಿವಿಗೆ ಬಿದ್ದದ್ದನ್ನು ಬೆರಳು ತಾನಾಗಿ ಒತ್ತುತ್ತ ಹೋಗುತ್ತದೆ. ಮೂವತ್ತೊಂದು ವರ್ಷದ ಅಭ್ಯಾಸ, ನನಗೆ ಗೊತ್ತೂ ಆಗುವುದಿಲ್ಲ.

“ಫೋನ್‌ನಲ್ಲೇ ಮಾತು ಅಕ್ಷರವಾಗಿ ಬರೋ ಹಾಗೆ ಮಾಡಬಹುದು,” ಎಂದು ಕ್ರೇಗ್ ತನ್ನ ಫೋನಿಗೆ ‘ಆರಿನ್ ರಸ್ಟಾಡ್’ ಎಂದು ಹೇಳಿದ. ಫೋನು ‘ಆರೆಂಜ್ ಕಸ್ಟರ್ಡ್’ ಎಂದು ಬರೆಯಿತು.

“ಪೆಟ್ಟಿಗೆಯಲ್ಲಿ ಮಲಗಿರೋ ಮನುಷ್ಯನ್ನ ಕಸ್ಟರ್ಡ್ ಅಂತ ಅವಳಿಗೆ ತೋರಿಸ್ತೀಯೇನೋ?”

“ನಾನು ಅವರ ಕಡೆ ತಿರುಗಿ ನಿಧಾನವಾಗಿ ಮಾತಾಡ್ತೀನಿ,” ಎಂದರು ಪಾಸ್ಟರ್. “ಯಾರಿಗೂ ಬೇಜಾರಾಗೋದು ಬೇಡ, ಆರ್ಡಿಸ್.”

“ನಿಮ್ಮ ಗಡ್ಡದ ಒಳಗೆ ತುಟಿ ಎಲ್ಲಿದೆ ಅಂತ ನನಗೇ ಗೊತ್ತಾಗಲ್ಲ ಪಾಸ್ಟರ್, ಅವಳೇನು ಓದ್ತಾಳೆ?”

“ಇವತ್ತಿನ ಪ್ರಾರ್ಥನೇದು ಅಚ್ಚು ಹಾಕಿದ ಹಾಳೆ ಇದೆಯಲ್ಲ,” ಎಂದ ಕ್ರೇಗ್. “ಅದನ್ನ ಕೈಗೆ ಕೊಟ್ರೆ ಸಾಕು. ಉಳಿದದ್ದು ಅವರಿಗೇನು ಗೊತ್ತಾಗುತ್ತೆ?”

ಪಿತ್ತ ನೆತ್ತಿಗೇರಿತು. “ಏನಂದೆ? ಗೊತ್ತಾಗಲ್ಲ ಅಂತ ಏನು ಬೇಕಾದ್ರೂ ಮಾಡಬಹುದಾ? ಅವಳ ಗಂಡ ಕಣಯ್ಯಾ ಸತ್ತಿರೋದು! ಇದೊಂದು ದಿನ ಕೇಳಿದಾಳೆ ಅವಳು, ಇದೊಂದೇ!”

ಪಿಸುಮಾತು ಎಲ್ಲೋ ಹೋಗಿತ್ತು. ಕೆಳಗೆ ಬನ್ನಿಗೆ ಬೆಣ್ಣೆ ಸವರುತ್ತಿದ್ದ ಹೆಂಗಸರು ಮೆಟ್ಟಿಲ ಬಾಯಿಗೆ ಬಂದು ನಿಂತರು. ನನ್ನ ಕಣ್ಣು ವರ್ಲಿನ್‌ನ ಮೇಲೆ ಬಿತ್ತು. ಅವನು ಇನ್ನೂ ಗೀತೆಗಳ ನಂಬರು ಓದುತ್ತಿದ್ದ.

“ಲೋ ವರ್ಲಿನ್! ನಿನಗೆ ಗೊತ್ತು ತಾನೇ, ಏನಾಗಿದೆ ಅಂತ?”

“ಇರಬಹುದು,” ಎಂದ.

“ಮತ್ತೆ ಅಲ್ಲಿ ಗೂಟ ಹೊಡ್ಕೊಂಡು ಕೂತಿದೀಯಲ್ಲ!”

“ನೀನೇ ಬೇಡ ಅಂದೆ. ಎರಡು ಸಲ.”

“ಎರಡೇ ಸಲ ಕೇಳಿದ್ದು ನೀನು! ಮೂರನೇ ಸಲ ಕೇಳೋಕೆ ನಿನ್ನ ಬಾಯಿಗೇನಾಗಿತ್ತು?”

ವರ್ಲಿನ್ ಎದ್ದು ನಿಂತ. ಅವನ ಮುಖ ಕಪ್ಪಿಟ್ಟಿತ್ತು. “ನವೆಂಬರಲ್ಲಿ ನೀವ್ಯಾರೂ ನನ್ನನ್ನ ಒಂದ್ಸಲಾನೂ ಕೇಳಲಿಲ್ಲವಲ್ಲ, ಆರ್ಡಿಸ್. ಹತ್ತೊಂಬತ್ತು ವರ್ಷ. ಕೇಕ್ ತಿನ್ನಿಸಿ ಕಳಿಸಿದ್ರಿ. ನೀನೂ ತಿಂದೆ ಆ ಕೇಕು.”

ತಿಂದಿದ್ದೆ. ಎರಡು ತುಂಡು. ಗೋಡೆಯ ಗಡಿಯಾರದಲ್ಲಿ ಹತ್ತೂ ನಲವತ್ತೆಂಟು.

“ಹೌದು, ತಿಂದೆ,” ಎಂದೆ. “ತಪ್ಪಾಯ್ತು. ಈಗ ನನಗೆ ಸಹಾಯ ಬೇಕು. ಬಾ.”

ಅರವತ್ತೇಳು ವರ್ಷದಲ್ಲಿ ನಾನು ಆ ಮಾತನ್ನು ಹೀಗೆ ಬೆತ್ತಲಾಗಿ ಯಾರಿಗೂ ಹೇಳಿರಲಿಲ್ಲ. ನಾಚಿಕೆಯಿಂದ ಕೆನ್ನೆ ಸುಟ್ಟಂತಾಯಿತು. ವರ್ಲಿನ್ ಕೋಟು ಬಿಚ್ಚಿ ಬೆಂಚಿನ ಮೇಲಿಟ್ಟು, ಮೊಣಕಾಲೂರಿ ಕಂಪ್ಯೂಟರ್ ಪೆಟ್ಟಿಗೆಯ ಹಿಂಭಾಗಕ್ಕೆ ತಲೆ ತೂರಿಸಿದ.

“ಕೇಬಲ್ ಮೇಲಿನ ತೂತಿಗೆ ಹಾಕಿದೀರಲ್ಲ. ಈಗ ಕೆಳಗಿನದಕ್ಕೆ ಹಾಕಬೇಕು.”

“ಅಲ್ಲಿ ಟೇಪ್ ಹಚ್ಚಿದೆ,” ಎಂದ ಕ್ರೇಗ್. “ಚುಚ್ಚಬೇಡಿ ಅಂತ ಬರೆದಿದೆ.”

ಬರೆದಿತ್ತು. ನಾನೂ ನೋಡಿದ್ದೆ, ಪಾಸ್ಟರೂ ನೋಡಿದ್ದರು. ‘ಇಲ್ಲಿ ಚುಚ್ಚಬೇಡಿ. ದಯವಿಟ್ಟು. ಧನ್ಯವಾದ.’ ನಮ್ಮ ಚರ್ಚಿನಲ್ಲಿ ಇಂಥ ಚೀಟಿ ಇಲ್ಲದ ಜಾಗವಿಲ್ಲ. ಈ ಕಾಫಿ ಪಾತ್ರೆ ಮುಟ್ಟಬೇಡಿ, ಈ ನಲ್ಲಿ ತಿರುಗಿಸಬೇಡಿ, ಈ ಬಾಗಿಲು ತೆಗೆಯಬೇಡಿ. ಯಾರು ಬರೆದರು, ಯಾಕೆ ಬರೆದರು ಎಂದು ಯಾರೂ ಕೇಳುವುದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಒಂದೂ ಕಾಲು ಗಂಟೆಯಿಂದ ನಾವು ಮೂವರು ಆ ಪೆಟ್ಟಿಗೆಯ ಇಂಚಿಂಚನ್ನೂ ತಡಕಿದ್ದೆವು. ಆ ಟೇಪಿನ ತುಂಡನ್ನು ಮಾತ್ರ ಉಗುರಿನಲ್ಲೂ ಮುಟ್ಟಿರಲಿಲ್ಲ.

“ಬರೆದಿದ್ದು ನಾನೇ,” ಎಂದ ವರ್ಲಿನ್. “ಚಿತ್ರ ಮೇಲಿಂದ ಹೋಗೋ ಹಾಗೆ ಸೆಟ್ಟಿಂಗ್ ಮಾಡಿಟ್ಟಿದ್ದೆ. ಜನ ಸುಮ್ನೆ ಕಿತ್ತು ಕೆಳಗೆ ಹಾಕ್ತಿದ್ರು, ಅದಕ್ಕೆ ಟೇಪ್ ಹಚ್ಚಿದೆ. ಈ ಅಪ್‌ಡೇಟ್ ಬಂದು ನನ್ನ ಸೆಟ್ಟಿಂಗನ್ನೆಲ್ಲ ಅಳಿಸಿಬಿಟ್ಟಿದೆ. ಈಗ ಅದು ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗಿದೆ. ಚಿತ್ರ ಹೋಗೋದು ಕೆಳಗಿಂದಾನೇ.”

ಪರ್ರನೆ ಟೇಪು ಕಿತ್ತು ಕೇಬಲ್ ಕೆಳಗೆ ಸಿಕ್ಕಿಸಿದ. ಪರದೆ ಒಮ್ಮೆ ಮಿಟುಕಿತು, ಬೆಳಗಿತು.

ಬೆಳಗಿದ ಪರದೆ ಖಾಲಿಯಿರಲಿಲ್ಲ. ಕಂಪ್ಯೂಟರು ಹತ್ತಿದ ಕೂಡಲೇ ನನ್ನ ತಂತ್ರಾಂಶವೂ ತಾನಾಗಿ ತೆರೆದುಕೊಳ್ಳುವಂತೆ ವರ್ಲಿನ್ ಹಿಂದೆಯೇ ಮಾಡಿಟ್ಟಿದ್ದ. ಚಿತ್ರ ಕಾಣದಿದ್ದರೂ ಅದು ಒಳಗೊಳಗೇ ಓಡುತ್ತಿತ್ತು. ನನ್ನ ಬೆರಳುಗಳು ಒಂದನ್ನೂ ಬಿಟ್ಟಿರಲಿಲ್ಲ. ಕಸ್ಟರ್ಡು, ಪಾಸ್ಟರ ಗಡ್ಡ, ‘ಉಳಿದದ್ದು ಅವರಿಗೇನು ಗೊತ್ತಾಗುತ್ತೆ’, ಅವಳ ಗಂಡ ಕಣಯ್ಯಾ, ಹತ್ತೊಂಬತ್ತು ವರ್ಷ, ಕೇಕು. ಎಲ್ಲ ಗೇಣುದ್ದ ಅಕ್ಷರಗಳಲ್ಲಿ, ಇಡೆಲ್ಲಾಳ ಮೂಗಿನ ಎದುರಿಗೆ. ಅಯ್ಯೋ ದೇವರೇ ಎಂದುಕೊಂಡೆ.

ಕ್ರೇಗ್ ಅಳಿಸಲು ಕೈ ಚಾಚಿದ.

“ಕೈ ತೆಗಿ,” ಎಂದಳು ಇಡೆಲ್ಲಾ.

ಅವಳು ಮೇಲಿನಿಂದ ಕೆಳಗಿನವರೆಗೆ ಓದಿದಳು. ತುಟಿ ಅಲುಗುತ್ತಿತ್ತು. ಕ್ರೇಗ್‌ನ ಮಾತಿಗೆ ಬಂದಾಗ ಅವನನ್ನು ಒಮ್ಮೆ ನೋಡಿ, ಮತ್ತೆ ಮೊದಲಿನಿಂದ ಓದಿದಳು.

“ಇಪ್ಪತ್ತೆರಡು ವರ್ಷ ಆಯ್ತು ನಾನೊಂದು ಜಗಳ ಕೇಳಿ,” ಎಂದಳು. “ಎಲ್ರೂ ಚೆನ್ನಾಗಿದಾರೆ, ಎಲ್ರೂ ಚೆನ್ನಾಗಿದಾರೆ ಅಂತ ಬರೆದೂ ಬರೆದೂ ತಲೆ ತಿಂದುಬಿಟ್ಟಿದ್ದ ಆರಿನ್. ಇದು ಇರಲಿ ಆರ್ಡಿಸ್. ಇದರ ಕೆಳಗಿಂದ ಶುರು ಮಾಡು.”

ಕ್ರೇಗ್ ಅವಳ ಮುಂದೆ ಬಂದು ನಿಂತ. ನಗಲಿಲ್ಲ, ಹೆಬ್ಬೆರಳೂ ಎತ್ತಲಿಲ್ಲ. “ನಾನು ಹಾಗೆ ಅನ್ನಬಾರದಾಗಿತ್ತು,” ಎಂದ. ನಾನು ಒತ್ತಿದೆ, ಅವಳು ಓದಿದಳು. “ಅನ್ನಬಾರದಾಗಿತ್ತು,” ಎಂದಳು. ಅವನು ಹೋಗಿ ಹಿಂದೆ ಕೂತ.

ಹನ್ನೊಂದಕ್ಕೆ ಸರಿಯಾಗಿ ಗಂಟೆ ಹೊಡೆಯಿತು. ಗೀತೆ ಆಯಿತು, ಬೈಬಲ್ ವಾಕ್ಯ ಆಯಿತು. ಪಾಸ್ಟರ್ ಜೋಯೆಲ್ ಹತ್ತು ನಿಮಿಷ ಮಾತಾಡಿದರು. ಒಂದಕ್ಷರವೂ ತಪ್ಪದೆ ಪರದೆಯ ಮೇಲೆ ಬಂತು. ಇಡೆಲ್ಲಾ ಕತ್ತು ಮುಂದೆ ಚಾಚಿ ಓದುತ್ತಿದ್ದಳು. ಆಮೇಲೆ ಮನೆಯವರ ಪರವಾಗಿ ಮಾತಾಡಲು ವರ್ಲಿನ್ ಎದ್ದ. ಅವನ ಮೊಣಕಾಲಿಗೆ ಇನ್ನೂ ಧೂಳು ಅಂಟಿತ್ತು.

“ಆರಿನ್ ಒಳ್ಳೆ ಮನುಷ್ಯ,” ಎಂದ. “ಕೆಲಸ ಚೆನ್ನಾಗಿ ಮಾಡ್ತಿದ್ದ. ಎಲ್ರೂ ಬಂದಿದ್ದಕ್ಕೆ ಥ್ಯಾಂಕ್ಸ್. ಊಟ ಕೆಳಗಡೆ ಇದೆ.”

ನಮ್ಮಲ್ಲಿ ಅಷ್ಟು ಹೇಳಿದರೆ ಧಾರಾಳವಾಯಿತು. ಅವನು ಕೂರಲು ಹೊರಟ.

“ಅಷ್ಟೇನಾ?” ಎಂದಳು ಇಡೆಲ್ಲಾ. “ಇನ್ನೂ ಹೇಳು. ಓದ್ತಾ ಇದೀನಿ.”

ವರ್ಲಿನ್ ನಿಂತಲ್ಲೇ ನಿಂತ. ಟೋಪಿಯೂ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಬೆಂಚಿನ ಬೆನ್ನು ಹಿಡಿದುಕೊಂಡ.

“ನಾನು ನವೆಂಬರಿಂದ ಅವನ ಹತ್ರ ಸರಿಯಾಗಿ ಮಾತಾಡಿರಲಿಲ್ಲ,” ಎಂದ. “ಸಿಟ್ಟಿತ್ತು. ಸಮಿತೀಲಿ ಅವನೂ ಕೈ ಎತ್ತಿದನಲ್ಲ ನನ್ನ ವಿರುದ್ಧ, ಅದಕ್ಕೆ. ಜನವರಿಯಲ್ಲಿ ಫೋನ್ ಮಾಡಿದ. ಕೆರೆ ಹೆಪ್ಪುಗಟ್ಟಿ ಗಟ್ಟಿಯಾಗಿದೆ, ಮಂಜುಗಡ್ಡೆ ಕೊರೆದು ಗಾಳ ಹಾಕೋಕೆ ಹೋಗೋಣ ಬರ್ತೀಯಾ ಅಂದ. ಬೇಡ, ಈಗಾಗಲ್ಲ ಅಂದೆ. ಫೆಬ್ರವರಿಯಲ್ಲಿ ಮತ್ತೆ ಮಾಡಿದ. ಆಗಲೂ ಬೇಡ ಅಂದೆ. ಮೂರನೇ ಸಲ ಮಾಡ್ತಾನೆ, ಆಗ ಹೋಗೋಣ ಅಂತ… ಗಾಳ ಎಲ್ಲ ತೆಗೆದು ಸರಿ ಮಾಡಿ ಬಾಗಿಲ ಹತ್ರ ಇಟ್ಕೊಂಡಿದ್ದೆ. ಮಾಡಲೇ ಇಲ್ಲ. ಸತ್ತೇ ಹೋದ. ಅವನ ಮೇಲೆ ಸಿಟ್ಟು ಬಂದಿದೆ ನನಗೆ.”

ನಾನು ಬರೆದೆ. ಕೋರ್ಟು ಬಿಟ್ಟ ಮೇಲೆ ‘ಸಿಟ್ಟು’ ಎಂಬ ಪದವನ್ನು ಒತ್ತಿದ್ದು ಅವತ್ತೇ ಮೊದಲು. ಕಣ್ಣು ಮಂಜಾಗಿ ಪರದೆ ಕಾಣುತ್ತಿರಲಿಲ್ಲ, ಆದರೆ ಬೆರಳಿಗೆ ಕಣ್ಣು ಬೇಕಾಗಿಲ್ಲ.

ಇಡೆಲ್ಲಾ ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ಬೆಂಚು ಹಿಡಿದು ಎದ್ದು ನಿಂತಳು.

“‘ವರ್ಲಿನ್‌ಗೆ ಪುರುಸೊತ್ತಿಲ್ಲವಂತೆ’ ಅಂತ ಬರೆದ ನನಗೆ. ಎರಡು ಸಲಾನೂ ಅದೇ ಬರೆದ. ಇಬ್ರೂ ಕತ್ತೆಗಳು ನೀವು. ಒಂದು ಮಾತು ಹೇಳಿದ್ರೆ ನಾನೇ ಬಂದು ನಿನ್ನ ಕಿವಿ ಹಿಡಿದು ಎಳ್ಕೊಂಡು ಹೋಗ್ತಿದ್ದೆ ಆ ಕೆರೆಗೆ. ನನಗೂ ಸಿಟ್ಟು ಬಂದಿದೆ, ಅವನ ಮೇಲೂ, ನಿನ್ನ ಮೇಲೂ. ಸಾಯಂಕಾಲ ಮನೆಗೆ ಬಾ. ಬಯ್ಯೋದಿದೆ ನಿನಗೆ.”

“ಅಯ್ಯೋ ಬೇಡ ಇಡೆಲ್ಲಾ, ಇವತ್ತು ಯಾಕೆ ನಿನಗೆ ತೊಂದರೆ…” ಎಂದ ವರ್ಲಿನ್.

ಬಾಯಿಗೆ ಬಂದುಬಿಟ್ಟಿತ್ತು, ಪಾಪ. ನಾನು ಅದನ್ನೂ ಬರೆದೆ. ಇಡೆಲ್ಲಾ ಓದಿ, ಪರದೆಯಿಂದ ಕಣ್ಣು ತೆಗೆದು ನೇರ ಅವನ ಮುಖ ನೋಡಿದಳು.

“ನಾನು ಎರಡನೇ ಸಲ ಕರೆಯೋದಿಲ್ಲ ವರ್ಲಿನ್.”

“ಬರ್ತೀನಿ,” ಎಂದ. ಅವಳು ಅದನ್ನು ಪರದೆಯಲ್ಲಿ ಓದುವವರೆಗೆ ನಿಂತಿದ್ದು, ಆಮೇಲೆ ಕೂತಳು.